ಗಣಿತದ ಕಾಲಂ ಖಾಲಿ

ನಮ್ಮ ಗಣಿತದ ಮೇಡಂ ಎಡಗೈಯಲ್ಲಿ ಬರೆಯುತ್ತಿದ್ದರು. ಬೋರ್ಡಿನ ಮೇಲೆ ಬರೆದ ಅಂಕಿಯನ್ನು ಅದೇ ಕೈ ಹಿಂದಿನಿಂದ ಅಳಿಸಿಕೊಂಡು ಬರುತ್ತಿತ್ತು. ಗಂಟೆ ಹೊಡೆಯುವ ಹೊತ್ತಿಗೆ ಅರ್ಧ ಲೆಕ್ಕ ಮಾಯ. ಅವರ ಕಿರುಬೆರಳಿನಿಂದ ಮಣಿಕಟ್ಟಿನವರೆಗೂ ಸುಣ್ಣ ಬಳಿದ ಹಾಗೆ ಬಿಳುಪು. ನನಗಂತೂ ಅಳಿಯದೆ ಉಳಿದದ್ದೂ ಅರ್ಥವಾಗುತ್ತಿರಲಿಲ್ಲ.

ಹತ್ತನೇ ತರಗತಿಯಲ್ಲಿ ಓದಿನಲ್ಲಿ ಹಿಂದುಳಿದವರನ್ನು ಒಬ್ಬೊಬ್ಬ ಶಿಕ್ಷಕರು ದತ್ತು ತೆಗೆದುಕೊಳ್ಳುವ ಪದ್ಧತಿ ನಮ್ಮ ಶಾಲೆಯಲ್ಲಿತ್ತು. ನಾನು ಮೇಡಂ ಪಾಲಿಗೆ ಬಂದೆ. ಯಾವ ದಿನ ಯಾವ ಪಾಠ ಓದಬೇಕೆಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಹಾಕಿಕೊಟ್ಟರು. ಐದು ವಿಷಯಗಳ ಕಾಲಂ ತುಂಬಿತ್ತು. ಗಣಿತದ್ದು ಮಾತ್ರ ಖಾಲಿ.

"ಅದಕ್ಕೆ ಜೂನ್‌ನಲ್ಲಿ ಎರಡನೇ ಪರೀಕ್ಷೆ ಇದೆಯಲ್ಲಮ್ಮ. ಈಗ ಗೊತ್ತಿರೋದ್ ಬರ್ದ್ಬಿಟ್ಟು ಬಾ," ಎಂದರು.

ನಾನು ಮನೆಗೆ ಹೋಗಿ ಅತ್ತೆ. ಮರುದಿನ ಅಪ್ಪ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ನೇರವಾಗಿ ಶಾಲೆಗೇ ಬಂದರು.

"ಏನ್ ಮೇಡಂ, ನಿಮ್ ಸಬ್ಜೆಕ್ಟನ್ನೇ ನೀವು ಬಿಡು ಅಂತೀರಲ್ಲ?"

"ಆರೂ ಹಿಡ್ಕೊಳಕ್ಕೆ ಹೋದ್ರೆ ಮೂರು ಬಿದ್ದೋಗುತ್ತೆ ಕಣ್ರೀ. ಐದು ದಾಟ್ಲಿ. ಆರನೇದಕ್ಕೆ ನಾನಿದ್ದೀನಿ."

ಅಪ್ಪ ತಲೆ ಕೆರೆದುಕೊಂಡು ಹಿಂದಿರುಗಿದರು. ಮೇಡಂ ನನ್ನನ್ನು ದಡ್ಡಿಯೆಂದು ಕೈಬಿಟ್ಟರೋ, ಕೈಹಿಡಿದರೋ, ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಫಲಿತಾಂಶ ಅವರು ಹೇಳಿದಂತೆಯೇ ಬಂತು. ಐದು ಪಾಸು, ಗಣಿತ ಫೇಲು. ರಜೆಯಲ್ಲೂ ಮೇಡಂ ದೊಡ್ಡಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಬಂದರು. ತಾವು ಬೆಂಚಿನಲ್ಲಿ ಕೂತು, ಸೀಮೆಸುಣ್ಣ ನನ್ನ ಕೈಗೆ ಕೊಡುತ್ತಿದ್ದರು. "ಬರಿ. ನೀನ್ ಬಲಗೈಯೋಳು, ನಿಂದು ಅಳ್ಸೋಗಲ್ಲ."

ಎರಡನೇ ಪರೀಕ್ಷೆಯಲ್ಲಿ ಪಾಸಾದೆ.

ಮೈಸೂರುಪಾಕು ತೆಗೆದುಕೊಂಡು ಹೋದಾಗ ಅವರ ಮೇಜಿನ ಮೇಲೆ ಇಲಾಖೆಯ ನೋಟಿಸೊಂದು ಕಂಡಿತು: ಮೊದಲ ಪರೀಕ್ಷೆಯಲ್ಲಿ ಗಣಿತದ ಫಲಿತಾಂಶ ಕುಸಿದದ್ದೇಕೆ, ಉತ್ತರ ಕೊಡಿ ಎಂದು. ಪಕ್ಕದ ಹಾಳೆಯಲ್ಲಿ ಮೇಡಂ ಬರೆದದ್ದು ಒಂದೇ ಸಾಲು, 'ನನ್ನ ಬೋಧನೆ ಸಾಲದಾಯಿತು.' ಶಾಯಿ ಆರುವ ಮೊದಲೇ ಅವರ ಕೈ ಅದನ್ನೂ ಒರೆಸಿತ್ತು. ನಾನು ಓದಿದ್ದನ್ನು ಕಂಡು ಹಾಳೆ ಮಗುಚಿದರು.

"ಮೇಡಂ, ಆಗ್ಲೇ ಗಣಿತನೂ ಓದಿದ್ರೆ ಪಾಸಾಗ್ತಿದ್ನಾ?" ಎಂದು ಕೇಳಿಯೇಬಿಟ್ಟೆ.

ಅವರು ಕೈಗೆ ಅಂಟಿದ್ದ ಶಾಯಿ ಒರೆಸಿಕೊಂಡರು. "ಗೊತ್ತಿಲ್ಲ ಕಣೇ. ಆಗ್ತಿದ್ಯೋ ಏನೋ. ನಂಗೂ ಅದೇ ಗೊಂದ್ಲ. ತಾ, ಮೈಸೂರುಪಾಕು ಕೊಡು."

ಆ ವರ್ಷವೇ ಅವರಿಗೆ ಹೊಸಕೋಟೆ ಕಡೆಗೆ ವರ್ಗವಾಯಿತು. ನಾನೀಗ ಡಿಪ್ಲೊಮಾ ಓದುತ್ತಿದ್ದೇನೆ. ಅವರು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ತಿಳಿಯದು. ನೋಟಿಸಿಗೆ ಅವರು ಬರೆದ ಆ ಒಂದು ಸಾಲಿನಲ್ಲಿ ಕಾರಣವಾಗಿ ನನ್ನ ಹೆಸರು ಇರಬೇಕಿತ್ತು ಎಂಬುದು ಮಾತ್ರ ಗೊತ್ತು.