ಬೆನ್ನಿನ ಮಣ್ಣು ತೊಳೆದ ಸಾಫ್ಟ್‌ವೇರ್

ಬಾಗಲಕೋಟೆಯಲ್ಲಿ ಆಟೋಟದ ಫೋಟೋ ತೆಗೆಯುತ್ತೇನೆ ಎಂದರೆ ಜನ ಮೊದಲು ಕೇಳುವುದು, "ಅಂದ್ರ ಮದುವಿ ಇಲ್ಲದ ದಿನ ಹೌದಲ್ಲ?" ಎಂದು. ಕ್ಯಾಮೆರಾ ಹಿಡಿದವನು ಮದುಮಕ್ಕಳನ್ನು ತೆಗೆಯಬೇಕು, ಇಲ್ಲವೇ ಪಾಸ್‌ಪೋರ್ಟ್ ಸೈಜಿನ ಮುಖ ತೆಗೆಯಬೇಕು. ಕಬಡ್ಡಿಯಲ್ಲಿ ಕಾಲು ಹಿಡಿಸಿಕೊಂಡು ಬಿದ್ದವನನ್ನು ತೆಗೆಯುವುದೂ ಒಂದು ಉದ್ಯೋಗ ಎಂಬುದು ನಮ್ಮವ್ವನಿಗೆ ಇನ್ನೂ ನಂಬಿಕೆಯಾಗಿಲ್ಲ. ನನಗೂ ಅಷ್ಟಕ್ಕಷ್ಟೆ.

ಅಂಥದ್ದರಲ್ಲಿ ಪತ್ರಿಕೆಯೊಂದರ ಜಿಲ್ಲಾ ಕಚೇರಿಯಿಂದ ಫೋನು ಬಂತು. ಕ್ರೀಡಾಪುಟ ನೋಡಿಕೊಳ್ಳುವ ಸಂಪಾದಕರು. ಇವರು ಪ್ರತಿ ಮಾತಿನ ಕೊನೆಯ ಅಕ್ಷರವನ್ನು ಎಲೆ ಅಡಿಕೆಯ ಜೊತೆಗೆ ನುಂಗುತ್ತಾರೆ. ಅವರ ದನಿ ಅಣಕಿಸಬೇಕಾದರೆ ನಾನು ಬಾಯಲ್ಲಿ ಅರ್ಧ ಲೋಟ ನೀರು ಹಿಡಿದುಕೊಳ್ಳುತ್ತೇನೆ.

"ಹುನಗುಂದದಾಗ ಕುಸ್ತಿ ಅದಾವು. ಸಂಜಿ ಏಳರೊಳಗ ಫೋಟೋ ಬರಬೇಕು. ಛಲೋ ಬಂದ್ರ ಇನ್ ಮುಂದ ಜಿಲ್ಲಾದಾಗಿನ ಆಟ ಎಲ್ಲಾ ನಿಂದ. ಬರಲಿಲ್ಲಂದ್ರ ಮದುವಿ ಅದಾವಲ್ಲ, ಅಕ್ಕಿ ಕಾಳು ಬೀಳೂದು ತಗೀತಾ ಇರು."

ಕುಸ್ತಿ ತೆಗೆಯುವುದೇನೋ ಸರಿ. ತಿದ್ದುವುದು ಯಾವುದರಲ್ಲಿ? ಪೈಲ್ವಾನರು ಹಾಕುವ ಒಂದೊಂದು ಪಟ್ಟಿಗೂ ನನ್ನ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮೆಣಸಿನಕಾಯಿ ಹುರಿದಂತೆ ಚಟಪಟ ಎಂದು ರಾಶಿ ಫೋಟೋ ಉಗುಳುತ್ತದೆ. ಅದರಲ್ಲಿ ಒಂದನ್ನು ಆರಿಸಬೇಕು, ಕತ್ತರಿಸಬೇಕು, ಸಂಜೆಯ ಮಂಕಿಗೆ ಬೆಳಕು ಏರಿಸಬೇಕು, ಕಳಿಸಬೇಕು. ಇಷ್ಟನ್ನು ಚಕ್ಕನೆ ಮಾಡುವ, ನನ್ನ ಕಿಸೆಗೆ ಒಗ್ಗುವ ಸಾಫ್ಟ್‌ವೇರ್ ಬೇಕಿತ್ತು.

ದೊಡ್ಡ ಕಂಪನಿಗಳದ್ದು ತಿಂಗಳ ಬಾಡಿಗೆ. ಬಾಡಿಗೆ ನಿಂತರೆ ನಾನೇ ತಿದ್ದಿಟ್ಟಿದ್ದನ್ನು ಮತ್ತೆ ತಿದ್ದಲು ಬಿಡುವುದಿಲ್ಲವಂತೆ. ಲಾಡ್ಜಿನವರು ಬಾಡಿಗೆ ಕೊಡದವನನ್ನು ಪೆಟ್ಟಿಗೆ ಸಮೇತ ಹೊರಗೆ ಹಾಕುತ್ತಾರೆ. ಇವರು ಪೆಟ್ಟಿಗೆ ಒಳಗಿಟ್ಟುಕೊಂಡು ನನ್ನನ್ನಷ್ಟೇ ಹೊರಗೆ ಹಾಕುವವರು. ಬ್ಯಾಡಪ್ಪಾ ಎಂದು ವಿದ್ಯಾಗಿರಿಗೆ ಹೋದೆ. ಅಲ್ಲಿ ಅಕ್ಕನ ಗಂಡ ಇದ್ದಾರೆ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾರೆ. ಎರಡು ವರ್ಷ ಬೆಂಗಳೂರಿನಲ್ಲಿ ಓದಿ ಬಂದ ಮೇಲೆ ಮನೆಯಲ್ಲೂ ರೇಡಿಯೋ ವಾರ್ತೆಯ ಕನ್ನಡ.

"ನೋಡು, ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶವನ್ನೇ ಬಳಸಬೇಕು. ಇದು ಸ್ವಾತಂತ್ರ್ಯದ ಪ್ರಶ್ನೆ."

"ಮಾಮಾ, ನನಗ ಸ್ವಾತಂತ್ರ್ಯ ಬ್ಯಾಡ, ಕತ್ತರಿಸೂ ಬಟನ್ ಬೇಕು."

ಮಾಮಾ ನನ್ನ ಲ್ಯಾಪ್‌ಟಾಪಿಗೆ ಅದನ್ನು ಹಾಕಿಯೇ ಬಿಟ್ಟರು. ತೆರೆದರೆ ಕರೆಂಟ್ ಆಫೀಸಿನ ಮೀಟರ್ ಗೋಡೆ ಇದ್ದಂತಿತ್ತು. ನಾನು ಬಟನ್ ಹುಡುಕಿದೆ, ಮಾಮಾನೂ ಹುಡುಕಿದರು. ಕೊನೆಗೆ ಅವರು, "ಹುಡುಕುವುದರಿಂದಲೇ ಕಲಿಕೆ" ಎಂದು ಚಹಾ ಕುಡಿಯಲು ಎದ್ದುಹೋದರು. ಈ ಮನುಷ್ಯನ ವಿದ್ಯಾರ್ಥಿಗಳ ಮೇಲೆ ನನಗೆ ನಿಜವಾಗಿ ಕರುಣೆ ಬಂತು.

ಉಳಿದವರು ಇಳಕಲ್ಲಿನ ಕಾಕಾ. ನಮ್ಮಪ್ಪನ ತಮ್ಮ, ಫೋಟೋ ಸ್ಟುಡಿಯೋ ಮಾಲೀಕರು. ಸೀರೆ ಅಂಗಡಿಗಳ ಜಾಹೀರಾತು, ಮದುವೆ, ತೀರಿಕೊಂಡವರ ದೊಡ್ಡ ಫೋಟೋ, ಎಲ್ಲಕ್ಕೂ ಅವರದು ಒಂದೇ ಮಂತ್ರ, "ಒಂದ್ ಕ್ಲಿಕ್". ಆ ಕ್ಲಿಕ್ಕಿಗೆ ಮುಖದ ಕಲೆ ಹೋಗುತ್ತದೆ, ಸುಕ್ಕು ಹೋಗುತ್ತದೆ, ಬಣ್ಣವೂ ಹೋಗುತ್ತದೆ. ಅವರ ಕೈಯಲ್ಲಿ ಹಾದುಬಂದ ಮದುಮಕ್ಕಳೆಲ್ಲ ಬೇಯಿಸಿ ಸಿಪ್ಪೆ ಸುಲಿದ ಬಟಾಟಿ. ಬದುಕಿರುವತನಕ ಕಡುಗಪ್ಪಾಗಿದ್ದ ನಮ್ಮಜ್ಜ ತೀರಿಕೊಂಡ ಮೇಲೆ ಇವರ ಫ್ರೇಮಿನಲ್ಲಿ ಬೆಳ್ಳಗಾದ. ಮನೆಮಂದಿಯೆಲ್ಲ ಯಾರೋ ಪರಊರ ಸಾಹುಕಾರನಿಗೆ ದಿನಾ ಊದುಬತ್ತಿ ಬೆಳಗುತ್ತೇವೆ.

"ಎಲ್ಲಾ ರೆಡಿ ಸೆಟ್ಟಿಂಗ್ ಐತಿ. ನೀ ಬರೇ ಕಾರ್ಡ್ ತಗೊಂಡು ಬಾ, ನಾ ಮಾಡಿ ಕೊಡ್ತೇನಿ. ರೊಕ್ಕದ ಮಾತ್ ಆಡಬ್ಯಾಡ," ಎಂದರು ಕಾಕಾ. ಹುನಗುಂದದಿಂದ ಇಳಕಲ್ಲಿಗೆ ಬೈಕಿನಲ್ಲಿ ಎಷ್ಟೊತ್ತು? ಪುಕ್ಕಟೆ ಎಂದರೆ ನನ್ನ ಬುದ್ಧಿ ಚಪ್ಪಲಿ ಬಿಟ್ಟು ನನಗಿಂತ ಮೊದಲು ಒಳಗೆ ಹೋಗಿ ಕೂಡುತ್ತದೆ. ಒಪ್ಪಿದೆ.

ಹುನಗುಂದದ ಕಣದಲ್ಲಿ ಆ ದಿನದ ಕೊನೆಯ ಜೋಡಿ ಇಳಕಲ್ಲಿನ ಹುಡುಗ ಮತ್ತು ಬಾದಾಮಿ ಕಡೆಯ ಪೈಲ್ವಾನ. ಮಟ್ಟಿ ಕುಸ್ತಿಯಲ್ಲಿ ಎರಡೂ ಭುಜ ನೆಲಕ್ಕೆ ತಾಗಿದರೆ ಸೋಲು. ಆದರೆ ನಮ್ಮ ಜನ ತೀರ್ಪು ಕೊಡುವ ಪಂಚರ ಕೈ ನೋಡುವುದಿಲ್ಲ, ಎದ್ದುನಿಂತವನ ಬೆನ್ನು ನೋಡುತ್ತಾರೆ. ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಕೆಮ್ಮಣ್ಣು ಬೆವರಿನ ಮೈಗೆ ಮೆತ್ತಿಕೊಂಡರೆ ಬಿಡುವುದಿಲ್ಲ. ಬೆನ್ನಿಗೆ ಮಣ್ಣು ಹತ್ತಿತೋ ಇಲ್ಲವೋ, ಅಷ್ಟೇ ವಾದ.

ಇಳಕಲ್ಲಿನವನು ಎತ್ತಿ ಒಗೆದ. ಆ ಗಳಿಗೆಯಲ್ಲಿ ಅವನದೇ ತೋಳು ಬಿದ್ದವನ ಭುಜಕ್ಕೆ ಅಡ್ಡ ಬಂತು. ನನ್ನ ಜಾಗದಿಂದ ಭುಜ ಕಾಣಲಿಲ್ಲ. ಆದರೆ ಮರುಗಳಿಗೆ ಗೆದ್ದವನು ಬಾಯಿ ತೆರೆದು ಕೈ ಎತ್ತಿದಾಗ, ಅವನ ಮುಂದೆಯೇ ಸೋತವನು ಎದ್ದು ನನ್ನ ಕಡೆ ಬೆನ್ನು ಮಾಡಿ ನಿಂತ. ಒಂದೇ ಚೌಕಟ್ಟಿನಲ್ಲಿ ಒಬ್ಬನ ಮುಖ, ಇನ್ನೊಬ್ಬನ ಬೆನ್ನು, ಬೆನ್ನ ತುಂಬ ಕೆಮ್ಮಣ್ಣು. ನನ್ನ ಜನ್ಮದಲ್ಲಿ ಅಂಥ ಫೋಟೋ ಅದುವರೆಗೆ ಬಿದ್ದಿರಲಿಲ್ಲ.

ಇಳಕಲ್ಲಿಗೆ ಬಂದವನೇ ಕಾಕಾನಿಗೆ ಆ ಫೋಟೋ ತೋರಿಸಿ, ಕಾರ್ಡ್ ಕೊಟ್ಟು, ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡದ್ದರಲ್ಲಿ ಬೇರೆ ಫೋಟೋ ಆರಿಸಲು ಕೂತೆ. ತಲೆ ಎತ್ತಿದಾಗ ಕಾಕಾನ ಪರದೆಯ ಮೇಲೆ ಇಬ್ಬರು ಬಟಾಟಿ ಪೈಲ್ವಾನರು.

"ಕಾಕಾ, ಮಣ್ಣೆಲ್ಲಿ?"

"ಹೊಲಸು ಎಲ್ಲಾ ತಗದೇನಿ. ನೋಡು, ಜಳಕಾ ಮಾಡಿಸಿದಂಗ ಆಗ್ಯಾನ."

"ಆ ಮಣ್ಣಿಂದನ ಅಂವ ಸೋತಾನ, ಕಾಕಾ. ವಾಪಸ್ ತರ್ರಿ."

"ಮೈಮ್ಯಾಲ ಮಣ್ಣು ಹಾಕ್ರಿ ಅಂತ ಇಷ್ಟ್ ವರ್ಷದಾಗ ಯಾರೂ ಕೇಳಿಲ್ಲಪಾ. ಸ್ಟೇಟಸ್ ಹಾಕೇನಿ, ಆಗಲೇ ಮಂದಿ ನೋಡಾಕತ್ತಾರ."

ನೋಡಿದ ಮಂದಿಯಲ್ಲಿ ಬಾದಾಮಿ ಪೈಲ್ವಾನನ ವಸ್ತಾದಿಯೂ ಒಬ್ಬರು. ಆ ಹುಡುಗನಿಗೆ ಪಟ್ಟು ಕಲಿಸಿದವರು. ಹಿಂದಿನ ವರ್ಷ ಮಗಳ ಮದುವೆಗೆ ಕಾಕಾನನ್ನೇ ಕರೆಸಿದ್ದರಂತೆ. ಕಾಕಾನ ಫೋನಿಗೇ ಮಾಡಿದರು. "ಬೆನ್ನ ಸ್ವಚ್ಛ ಐತಿ. ಪಂಚರು ಮೋಸ ಮಾಡ್ಯಾರ. ಪೇಪರಿನವರಿಗೂ ಕಳಿಸೇನಿ."

ಹಿಂದೆಯೇ ನನ್ನ ಫೋನು. ಸಂಪಾದಕರು ಎಲೆ ಅಡಿಕೆ ಉಗುಳಿ ಮಾತಾಡುತ್ತಿದ್ದರು. ಎಲ್ಲ ಅಕ್ಷರವೂ ಸ್ಪಷ್ಟವಾಗಿ ಕೇಳಿದ್ದಕ್ಕೆ ನನಗೆ ಹೆದರಿಕೆ ಹುಟ್ಟಿತು.

"ನಿನ್ನ ಫೋಟೋ ನಿನಗಿಂತ ಮೊದಲು ಬಾದಾಮಿಯಿಂದ ಬಂತಲ್ಲೋ. ಗೆದ್ದಾಂವ ಯಾರು?"

"ಇಳಕಲ್ಲಿನಾಂವ ರೀ ಸರ."

"ನಿನ್ನ ಫೋಟೋ ಹಂಗ ಹೇಳಾಕತ್ತಿಲ್ಲ. ತೊಳೀಲಾರದ್ದು ಕಳಸು. ಪುಟ ನಿಂದ್ರಿಸೇನಿ. ಭಾಳೊತ್ತು ನಿಂದ್ರೂದಿಲ್ಲ, ನಿನ್ನ ಕೆಲಸಾನೂ ಅಷ್ಟ."

ಕ್ಯಾಮೆರಾದ ಮೂಲ ಫೋಟೋ ಕತ್ತಲು ಕತ್ತಲಾಗಿತ್ತು. ಅದರಲ್ಲಿ ಮಣ್ಣೂ ಒಂದೇ, ನೆರಳೂ ಒಂದೇ. ಬೆಳಕು ಏರಿಸಲೇಬೇಕು. ಕಾಕಾನ ಕ್ಲಿಕ್ಕಿನಲ್ಲಿ ಬೆಳಕು ಬೇಕೆಂದರೆ ಜಳಕವೂ ಜೊತೆಗೇ ಬರುತ್ತದೆ. ಬಿಡಿಸಿ ಮಾಡುವುದು ಹೇಗೆಂದು ಅವರಿಗೂ ಗೊತ್ತಿಲ್ಲ. ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟದ್ದಂತೆ. ಇಡೀ ಊರಿನ ಮುಖ ಬದಲಿಸುತ್ತ ಕೂತ ಮನುಷ್ಯನಿಗೆ ತಾನು ಒತ್ತುವ ಬಟನ್ ಏನೆಂದು ತಿಳಿಯದು.

ನನ್ನ ಲ್ಯಾಪ್‌ಟಾಪಿನಲ್ಲಿ ಮೀಟರ್ ಗೋಡೆ ತೆರೆದೆ. ಮಾಮಾನಿಗೆ ಫೋನು ಹಚ್ಚಿದೆ.

"ಮೊದಲು ಇದರ ತತ್ವವನ್ನು ಅರ್ಥ ಮಾಡಿಕೊಳ್ಳಬೇಕು..."

"ಮಾಮಾ, ತತ್ವ ರವಿವಾರ ಬಂದು ಕೇಳ್ತೇನಿ. ಬೆಳಕಿಂದು ಎಲ್ಲೈತಿ?"

ಅವರಿಗೂ ಗೊತ್ತಿರಲಿಲ್ಲ. ಆದರೆ ಆ ಬಟನ್ನಿನ ಹೆಸರು ಗೊತ್ತಿತ್ತು. ಮೇಲೆ ಹುಡುಕುವ ಜಾಗದಲ್ಲಿ ಬರೆ ಎಂದರು. ಬರೆದೆ, ಸಿಕ್ಕಿತು. ಕತ್ತರಿಸುವುದೂ ಹಾಗೆಯೇ ಸಿಕ್ಕಿತು. ಬೆಳಕು ಏರಿಸಿದಂತೆ ಬೆನ್ನ ಮೇಲೆ ಮಣ್ಣು ಮೂಡುತ್ತ ಬಂತು. ಹಿಡಿದವನ ಬೆರಳು ಜಾರಿದ ಗೆರೆ ಸಮೇತ. ನಾನು ಹೇಳಿದ್ದನ್ನು ಬಿಟ್ಟು ಆ ಕುರೂಪಿ ಸಾಫ್ಟ್‌ವೇರ್ ತಾನಾಗಿ ಏನನ್ನೂ ಮುಟ್ಟಲಿಲ್ಲ. ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲದ ಗುಣ.

ಕಳಿಸಿದೆ. ಬಹಳ ಹೊತ್ತಿನ ಮೇಲೆ ಸಂಪಾದಕರ ಉತ್ತರ ಬಂತು: "ಬಂತು. ನಾಡದು ಬಾದಾಮ್ಯಾಗ ಖೋಖೋ ಐತಿ, ಹೋಗು." ಹೊಗಳಿಕೆ ಅಷ್ಟೇ. ಕಾಕಾ ಇಣುಕಿ ನೋಡಿ, "ಇಷ್ಟ್ ಹೊಲಸ್ ಫೋಟೋ ಛಾಪಸ್ತಾರ?" ಎಂದರು.

ಪತ್ರಿಕೆ ಬಂದ ಬೆಳಿಗ್ಗೆ ವಸ್ತಾದಿಯವರು ನನಗೇ ಫೋನು ಮಾಡಿದರು. ಬೈಗುಳಕ್ಕೆ ಸಿದ್ಧನಾಗಿ ಕಿವಿಯಿಂದ ದೂರ ಹಿಡಿದೆ. ಅವರ ದನಿ ಮಾತ್ರ ಬೆಣ್ಣೆ.

"ಆತು ಬಿಡು ತಮ್ಮಾ, ಬಿದ್ದಾನ. ಆದರ ಆ ಸ್ವಚ್ಛ ಬೆನ್ನಿಂದು ಇತ್ತಲ್ಲ, ಅದನ್ನ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಡು. ಗರಡಿ ಮನ್ಯಾಗ ಹಾಕ್ತೇವಿ."

"ಅದು ನನ್ನ ಕಡೆ ಆಗೂದಿಲ್ರಿ," ಎಂದೆ. "ಇಳಕಲ್ಲಿಗೆ ಕಾಕಾನ ಕಡೆ ಹೋಗ್ರಿ. ಕೈ ಎತ್ತಿದ್ದೂ ನಿಮ್ಮ ಹುಡುಗನ ಅಂತ ಮಾಡಿ ಕೊಡ್ತಾರ."

ವಸ್ತಾದಿ, "ಖರೇನ?" ಎಂದು ಕೇಳಿ, ಸ್ಟುಡಿಯೋ ಎಷ್ಟಕ್ಕೆ ತೆರೀತಾರ ಎಂದು ವಿಚಾರಿಸಿದರು.