ಅಂತೆಯ ರಾಯಭಾರ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಜನ ಟಿಕೆಟ್ಟಿನ ಚಿಲ್ಲರೆಗಿಂತ ಮುಂಚೆ ಹೊರತೆಗೆಯುವುದು ‘ಅಂತೆ’ಯನ್ನು. ನಾಳೆ ಮಳೆಯಂತೆ, ಕಾರ್ಖಾನೆ ಮತ್ತೆ ಶುರುವಾಗುತ್ತದಂತೆ, ಮೂಲೆಮನೆಯವರ ಮಗಳಿಗೆ ಗಂಡು ಗೊತ್ತಾಯಿತಂತೆ. ದಿನಚರಿ ಬರೆಯುವ ಚಟದವಳಾದ ನಾನು ಬಸ್ಸು ಹೊರಟ ಹೊತ್ತು, ಕುಡಿದ ಕಾಫಿ, ನೆನೆದ ಕೊಡೆ ಇವುಗಳ ಪಕ್ಕದಲ್ಲಿ ಈಚೆಗೆ ಅಂತೆಗಳಿಗೂ ಒಂದು ಕಾಲಮ್ಮು ಎಳೆದಿದ್ದೇನೆ. ನವುಲೆಯ ಕೃಷಿ ಕಾಲೇಜಿನಲ್ಲಿ ದಿನವಿಡೀ ಮಣ್ಣಿನ ಪೊಟ್ಟಣಗಳಿಗೆ ಸಂಖ್ಯೆ ಅಂಟಿಸುವ ನನಗೆ, ಸಂಖ್ಯೆಯಿಲ್ಲದ ವಸ್ತು ಕಂಡರೆ ಕೈ ತುರಿಸುತ್ತದೆ. ಆದರೆ ಅಂತೆಗಳ ಲೆಕ್ಕ ಊರು ದಾಟುವ ಮೊದಲೇ ತಪ್ಪಿಹೋಗುತ್ತದೆ.

ಈ ಎರಡಕ್ಷರದ ಉಪಕಾರ ಸಣ್ಣದಲ್ಲ. ಬಾಯಿ ನಮ್ಮದಾದರೂ ಮಾತು ನಮ್ಮದಲ್ಲ ಎಂದು ಜಾರಿಕೊಳ್ಳಲು ನಮ್ಮ ಭಾಷೆ ಮಾಡಿಕೊಟ್ಟ ಹಿತ್ತಿಲ ಬಾಗಿಲು ಅದು. ಸುಳ್ಳಾದರೆ ಹೇಳಿದವನದ್ದು, ನಿಜವಾದರೆ ಮೊದಲು ತಿಳಿಸಿದ ಕೀರ್ತಿ ನಮ್ಮದು. ಇದನ್ನೇ ಬಂಡವಾಳ ಮಾಡಿಕೊಂಡು ಬದುಕಿದವರೊಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ಅಥವಾ ಮನೆಯಲ್ಲಿ ಇರಬೇಕಾಗಿತ್ತು. ಅವರು ನನ್ನ ಸೋದರಮಾವ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ, ಕುಲುಮೆಯ ಮುಂದೆ ಬೆವರುತ್ತಿದ್ದ ನನ್ನ ಅಜ್ಜನ ಮಗನಾಗಿ ಬೆಳೆದ ಮಾವ, ಉಪವಿಭಾಗಾಧಿಕಾರಿಯಾಗಿ ಜೀಪು ಹತ್ತಿ, ಜಿಲ್ಲೆಗಳನ್ನು ಆಳಿ, ದೆಹಲಿಯಲ್ಲಿ ಕಾರ್ಯದರ್ಶಿಯಾಗಿ, ಕೊನೆಗೆ ಎರಡು ದೇಶಗಳಲ್ಲಿ ರಾಯಭಾರಿಯಾಗಿ ನಿವೃತ್ತರಾದರು. ರಾಯಭಾರಿಯ ಕೆಲಸವೇನೆಂದು ಒಮ್ಮೆ ಕೇಳಿದ್ದೆ. ನಮ್ಮವರು ಹೀಗಂತಾರೆ ಎಂದು ಅವರಿಗೆ ಹೇಳುವುದು, ಅವರು ಹೀಗಂತಾರೆ ಎಂದು ನಮ್ಮವರಿಗೆ ಬರೆಯುವುದು, ಮಧ್ಯೆ ಊಟ ಮಾಡುವುದು ಎಂದರು. ಮದುವೆಯ ಫೈಲನ್ನು ಮಾತ್ರ ಮುಂದೂಡುತ್ತಲೇ ಬಂದು ಒಂಟಿಯಾಗಿ ಉಳಿದರು.

ಈಗ ಅವರ ಬಿಡಾರ ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಮಹಡಿ ಮನೆ. ವೃತ್ತಿ ಹೋದರೂ ವೃತ್ತ ಬಿಟ್ಟಿಲ್ಲ. ಕೋಣೆಯೊಳಗೆ ಸುತ್ತುತ್ತಲೇ ಇರುತ್ತಾರೆ. ಸಂಜೆ ರಾಗಿಗುಡ್ಡ ಹತ್ತಿದರೆ ಮೇಲೆ ನಿಂತು ನೋಡುವ ವ್ಯವಧಾನವಿಲ್ಲ, ಮುಟ್ಟಿ ಬಂದವರಂತೆ ಇಳಿದುಬಿಡುತ್ತಾರೆ. ಅರ್ಧ ಆಯುಷ್ಯ ವರ್ಗವಾಗುತ್ತಲೇ ಕಳೆದವರಿಗೆ ಈಗ ವರ್ಗ ಮಾಡುವವರಿಲ್ಲದ್ದರಿಂದ ಪ್ರತಿ ಸೋಮವಾರ ಕುರ್ಚಿಗಳನ್ನು ವರ್ಗ ಮಾಡುತ್ತಾರೆ. ಬೆತ್ತದ ಕುರ್ಚಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನದು ಬಾಲ್ಕನಿಗೆ. ಬಾಲ್ಕನಿ, ನನಗೆ ತಿಳಿದ ಮಟ್ಟಿಗೆ, ಶಿಕ್ಷೆಯ ವರ್ಗಾವಣೆ.

ಹುಟ್ಟೂರು ಒಂದು ಬಸ್ಸಿನಷ್ಟು ದೂರದಲ್ಲಿರುವಾಗ ಅವರು ಶಿವಮೊಗ್ಗದಲ್ಲಿ ಏಕೆ ನಿಂತರೆಂದರೆ, ಭದ್ರಾವತಿಯಲ್ಲಿ ನನ್ನ ಅಮ್ಮ ಇದ್ದಾಳೆ. ಅಮ್ಮ ಅವರ ಒಬ್ಬಳೇ ತಂಗಿ, ಗಿರಿಜಾ. ಅವಳಿಗೂ ಅವರಿಗೂ ಮಾತಿಲ್ಲ.

ನಾನು ಎಂಟನೇ ತರಗತಿಯಲ್ಲಿದ್ದಾಗ ಅಜ್ಜಿ ನಮ್ಮ ಮನೆಯಲ್ಲೇ ತೀರಿಕೊಂಡಳು. ಮಾವ ಆಗ ಯಾವುದೋ ದೂರದ ರಾಜಧಾನಿಯಲ್ಲಿದ್ದರು. ಬರಲಾಗಲಿಲ್ಲ, ಅದನ್ನು ಅಮ್ಮ ಕ್ಷಮಿಸಿದ್ದಳು. ಆದರೆ ಫೋನು ಮಾಡಿದ್ದು ಅವರ ಕಚೇರಿಯ ಯಾರೋ ಒಬ್ಬ. ಸಾಹೇಬರು ತೀವ್ರ ದುಃಖ ವ್ಯಕ್ತಪಡಿಸಿದ್ದಾರೆ ಎಂದು ಹಿಂದಿಯಲ್ಲಿ ಹೇಳಿ ಇಟ್ಟ. ಅಮ್ಮ ರಿಸೀವರ್ ಹಿಡಿದುಕೊಂಡೇ ನೆರೆದಿದ್ದವರ ಕಡೆ ತಿರುಗಿ, “ಅಣ್ಣಯ್ಯನಿಗೆ ದುಃಖ ಆಯ್ತಂತೆ” ಎಂದಳು. ಆ ಹಿಂದಿಯಲ್ಲಿ ಅಂತೆ ಇರಲಿಲ್ಲ, ಸೇರಿಸಿದ್ದು ಅಮ್ಮನೇ. ಆದರೆ ಅವತ್ತಿನಿಂದ ಅವಳು ಅದನ್ನು ಮರೆತಿಲ್ಲ. ಹೆತ್ತ ತಾಯಿ ಸತ್ತರೆ ಮಗನಿಗೆ ದುಃಖ ಆಗಬೇಕು, ದುಃಖ ಆಯ್ತಂತೆ ಆಗಬಾರದು ಎಂಬುದು ಅವಳ ವಾದ. ವ್ಯಾಕರಣದ ಮೇಲೆ ಇಷ್ಟು ವರ್ಷ ನಡೆದ ಜಗಳ ನಮ್ಮ ಮನೆಯಲ್ಲಿ ಬಿಟ್ಟರೆ ವಿದ್ವಾಂಸರಲ್ಲೇ ಇದ್ದೀತು.

ಭದ್ರಾವತಿಯಿಂದ ನವುಲೆಗೆ ಓಡಾಡುವ ನನಗೆ ಸವಳಂಗ ರಸ್ತೆ ದಾರಿಯಲ್ಲೇ ಸಿಗುತ್ತದೆ. ಮಾವನ ಮನೆಗೆ ಹೋಗಬೇಡವೆಂದು ಅಮ್ಮ ಎಂದೂ ಹೇಳಿದವಳಲ್ಲ. ಯಾರಿಗೆಂದು ಹೇಳದೆ ಬಾಳಕದ ಮೆಣಸಿನಕಾಯಿ ಕಟ್ಟಿಕೊಡುತ್ತಾಳೆ. ಹೀಗಾಗಿ ಈ ವರ್ಷ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ರಾಯಭಾರ ನನ್ನ ಪಾಲಿಗೆ ಬಿತ್ತು.

ಆ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಅಜ್ಜಿಗೆ ಪ್ರಿಯವಾದ ಕಡುಬು, ಎಲೆ ಅಡಿಕೆ. ಅಜ್ಜನಿಗೆ ಮೀನು ಸಾರು, ಬೀಡಿ. ಅಜ್ಜಿ ಹೋದ ಮೇಲೆ ಒಂದು ವರ್ಷವೂ ಮಾವ ಅದರ ಮುಂದೆ ಕೂತಿಲ್ಲ. ನಿವೃತ್ತರಾದ ಮೊದಲ ವರ್ಷವಾದರೂ ಕೂರಬೇಕೆಂದು ಅವರ ಆಸೆ. ಎಡೆ ಎಂದರೆ ನೈವೇದ್ಯವೂ ಹೌದು, ಜಾಗವೂ ಹೌದು. ಅವರಿಗೆ ಬೇಕಾಗಿದ್ದದ್ದು ಎರಡನೆಯದು.

ಬೆತ್ತದ ಕುರ್ಚಿಯ ಸುತ್ತ ನಾಲ್ಕು ಬಾರಿ ಸುತ್ತಿ ಅವರು ಸಿದ್ಧಪಡಿಸಿದ ಸಂದೇಶ ಹೀಗಿತ್ತು: ಈ ಸಲ ಎಡೆಗೆ ತಾನು ಬರುವ ಸಾಧ್ಯತೆಯನ್ನು ಪರಿಶೀಲಿಸಬಹುದೇ. ಇದ್ದದ್ದನ್ನು ಇದ್ದ ಹಾಗೆ ದಾಖಲಿಸುವ ನಾನು ಒಂದಕ್ಷರ ಬಿಡದೆ ತಲುಪಿಸಿದೆ. ಅಮ್ಮ ಮಸಾಲೆ ರುಬ್ಬುವುದನ್ನು ನಿಲ್ಲಿಸಿ, “ಪರಿಶೀಲಿಸಬೇಕಂತಾ? ಅಂತೆಗೆಲ್ಲ ನಮ್ಮನೇಲಿ ಎಲೆ ಹಾಕಲ್ಲ ಅಂತ ಹೇಳು” ಎಂದಳು. ಮರುದಿನ ಬೆಳಿಗ್ಗೆ ಅದನ್ನೂ, ಅವಳ ದನಿಯ ಏರಿಳಿತದ ಸಮೇತ, ಮಾವನಿಗೆ ಒಪ್ಪಿಸಿದೆ. ಅವರು ಸುತ್ತುವುದನ್ನು ನಿಲ್ಲಿಸಿದರು.

“ನೀನು ನನ್ನ ಕೈಕೆಳಗೆ ಇದ್ದಿದ್ರೆ ಎರಡು ದೇಶ ಯುದ್ಧಕ್ಕೆ ಹೋಗಿರ್ತಿದ್ವು ಮಾರಾಯ್ತಿ.”

ಮಾತನ್ನು ಮುಳ್ಳು ತೆಗೆದು ಒಯ್ಯಬೇಕು, ಮೀನಿನ ಹಾಗೆ, ಎಂದು ಪಾಠ ಹೇಳಿದರು. ಆ ಪಾಠವನ್ನು ಅವತ್ತೇ ಸಂಜೆ ಪ್ರಯೋಗಿಸಿದೆ. ಮಾವ ನಿನ್ನ ಕೈಯ ಕಡುಬನ್ನು ಬಹಳ ನೆನೆಸಿಕೊಂಡರು ಎಂದೆ. ಅಮ್ಮ ತಿರುಗಿ ಕೂಡ ನೋಡಲಿಲ್ಲ. “ಕೊಳಾಯಿ ಹತ್ರಾನೂ ಹಿಂಗೇ ಹೇಳ್ತಿದ್ದ” ಎಂದಳು.

ಆಗ ತಿಳಿದದ್ದು ಕೊಳಾಯಿಯ ಕಥೆ. ಅಮ್ಮ, ಮಾವ ಚಿಕ್ಕವರಿದ್ದಾಗ ಕ್ವಾರ್ಟರ್ಸಿನ ಅವರ ಸಾಲಿಗೆಲ್ಲ ಒಂದೇ ನಲ್ಲಿ. ಎಡಮನೆಯಲ್ಲಿ ತಮಿಳಿನ ಸೆಲ್ವಿಯಕ್ಕ, ಬಲಮನೆಯಲ್ಲಿ ತೆಲುಗಿನ ನಾಗಮ್ಮ. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ, ತಿಳಿದಷ್ಟು ಜಗಳಕ್ಕೇ ಆಗುತ್ತಿತ್ತು. ಎರಡೂ ಬಲ್ಲ ಹುಡುಗನೆಂದು ಮಾವನನ್ನು ದುಭಾಷಿ ಮಾಡಿದ್ದರು. ಇನ್ನೊಂದು ಸಲ ಆ ಬಿಂದಿಗೆ ಮುಂದೆ ಬಂದರೆ ಒದ್ದು ಉರುಳಿಸುತ್ತೇನೆ ಎಂದು ಸೆಲ್ವಿಯಕ್ಕ ಕೂಗಿದರೆ, ನಿಮ್ಮ ಬಿಂದಿಗೆ ಚೆನ್ನಾಗಿದೆಯಂತೆ, ಎಲ್ಲಿ ತಗೊಂಡ್ರಿ ಅಂತ ಕೇಳ್ತಿದ್ದಾರೆ ಎಂದು ಮಾವ ನಾಗಮ್ಮನಿಗೆ ತೆಲುಗಿನಲ್ಲಿ ಹೇಳುತ್ತಿದ್ದರಂತೆ. ಸಾಲಿನಲ್ಲಿ ಹಿಂದೆ ಪುಟ್ಟ ಚೊಂಬು ಹಿಡಿದು ನಿಂತಿರುತ್ತಿದ್ದ ಅಮ್ಮನಿಗೂ ಎರಡೂ ಭಾಷೆ ಬರುತ್ತಿತ್ತು.

“ಆಗ ನಾನು ಬಾಯಿ ಬಿಡ್ಲಿಲ್ಲ. ನಂಗೂ ಅದೇ ಬಿಂದಿಗೆ ಮಾತು ಕಳಿಸ್ತಾನೆ ಅಂತ ಆಗ ಗೊತ್ತಿರ್ಲಿಲ್ಲ” ಎಂದಳು ಅಮ್ಮ.

ಇಡೀ ಜಗತ್ತಿನಲ್ಲಿ ಮಾವನ ವಿದ್ಯೆ ನಡೆಯದ ಒಂದೇ ರಾಜಧಾನಿ ಭದ್ರಾವತಿ ಎಂದು ನನಗೆ ಅರ್ಥವಾಯಿತು. ಮಾವ ಆ ವಾರ ಕುರ್ಚಿಗಳನ್ನು ದಿನವೂ ವರ್ಗ ಮಾಡಿದರು. ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾಲೇಜಿನಲ್ಲಿ ಎರಡು ಪೊಟ್ಟಣಗಳಿಗೆ ಒಂದೇ ಸಂಖ್ಯೆ ಅಂಟಿಸಿ ಬೈಸಿಕೊಂಡೆ.

ಅಮಾವಾಸ್ಯೆಯ ಬೆಳಿಗ್ಗೆ ಅಮ್ಮ ಬಾಳೆ ಎಲೆ ಒರೆಸುತ್ತ, ಗೋಡೆಗೆ ಹೇಳುವಂತೆ, ಎಲೆ ಒಂದು ಜಾಸ್ತಿ ತಂದ್ಬಿಟ್ಟೆ ಎಂದಳು. ಅದೇ ಕೈ, ಅದೇ ಮಾರುಕಟ್ಟೆ. ಇಷ್ಟು ವರ್ಷ ತಪ್ಪದ ಲೆಕ್ಕ. ನಾನು ಹಿತ್ತಿಲಿಗೆ ಹೋಗಿ ಮಾವನಿಗೆ ಫೋನು ಮಾಡಿ, ಎಲೆ ಒಂದು ಜಾಸ್ತಿ ಇದೆ ಎಂದೆ.

ಆ ಕಡೆ ಕುರ್ಚಿ ಎಳೆಯುವ ಸದ್ದು ನಿಂತಿತು. “ಇದೆಯಂತಾ?”

“ಅಂತೆ ಅಲ್ಲ ಮಾವ, ಇದೆ. ನಾನೇ ನೋಡಿದೀನಿ.”

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಬಸ್ಸಿನ ಧೂಳಿನೊಂದಿಗೆ ಅವರು ಬಂದು ಬಾಗಿಲಲ್ಲಿ ನಿಂತರು. ಅಮ್ಮ ಒಳಗಿನಿಂದ ಬಂದಳು. ಇಬ್ಬರ ನಡುವೆ ಒಂದು ಹೊಸಿಲು, ಪಕ್ಕದಲ್ಲಿ ನಾನು. ಅಮ್ಮ ನನ್ನ ಮುಖ ನೋಡಿ, ಇವರಿಗೆ ಏನು ಬೇಕಂತೆ ಕೇಳು ಎಂದಳು. ಮಾವನೂ ಅಭ್ಯಾಸಬಲದಿಂದ ನನ್ನ ಕಡೆಗೇ ತಿರುಗಿ, ನಿಮ್ಮಮ್ಮನಿಗೆ ಹೇಳಮ್ಮ ಎಂದು ಶುರು ಮಾಡಿದರು. ನನ್ನ ಅಲ್ಪಾಯುಷಿ ರಾಯಭಾರದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಒಂದೇ: ತಂಬಿಗೆ ಎತ್ತಿಕೊಂಡು, ಕಾಲಿಗೆ ನೀರು ತರುತ್ತೇನೆಂದು ಒಳಗೆ ನಡೆದುಬಿಟ್ಟೆ. ನಡುಮನೆಯಲ್ಲೇ ನಿಂತೆ.

ಆಮೇಲೆ ಮಾವನ ದನಿ ಬಂತು. ಭಾಷಣಗಳ ದನಿಯಲ್ಲ.

“ಗಿರ್ಜಿ, ಅವತ್ತು ಫೋನ್ ನನ್ ಕೈಯಲ್ಲೇ ಇತ್ತು. ಮಾತಾಡೋಕೆ ಹೋದ್ರೆ ದನಿ ಬರ್ಲಿಲ್ಲ. ಅಳು ಬಂತು. ಎದುರಿಗೆ ಜನ ಇದ್ರು. ಅದಕ್ಕೆ ಅವನ ಕೈಗೆ ಕೊಟ್ಟೆ.”

ನಾನು ನೀರು ತಂದಾಗ ಅಮ್ಮ ಎಡೆಯ ಮುಂದೆ ಕೂತು, ಅಜ್ಜನ ಎಲೆಯ ಪಕ್ಕ ಬೀಡಿಕಟ್ಟು ಬಿಚ್ಚುತ್ತಿದ್ದಳು. ಒಂದನ್ನು ತೆಗೆದು, ತಿರುಗದೆ, ಬಾಗಿಲ ಕಡೆ ಕೈಚಾಚಿದಳು.

“ವರ್ಷ ವರ್ಷ ನಾನೇ ಹಚ್ಚಿ ಕೆಮ್ಮಿದೀನಿ. ಇವತ್ತು ನೀನು ಹಚ್ಚು ಅಣ್ಣಯ್ಯ.”

ಎರಡು ದೇಶಗಳಲ್ಲಿ ಒಂದು ಸಿಗರೇಟನ್ನೂ ಮುಟ್ಟದ ರಾಯಭಾರಿ ಕಾಲು ತೊಳೆದು ಒಳಗೆ ಬಂದು, ಅಪ್ಪನ ಬೀಡಿ ಹಚ್ಚಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ಅಮ್ಮ ಬೆನ್ನಿಗೆ ಗುದ್ದಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ. ಕೆಮ್ಮು ನಿಂತ ಮೇಲೂ ಕಣ್ಣೀರು ನಿಂತಿರಲಿಲ್ಲ. ಹೊಗೆ ಜಾಸ್ತಿ ಎಂದು ಇಬ್ಬರೂ ಒಪ್ಪಿಕೊಂಡರು.

ಮುಂದಿನ ಸೋಮವಾರ ಸವಳಂಗ ರಸ್ತೆಯ ಕುರ್ಚಿಗಳು ಎಂದಿನಂತೆ ವರ್ಗವಾದವು. ಈ ಅಂತೆ ಬೇರೆ. ಇದನ್ನು ನನ್ನ ಕಾಲಮ್ಮಿನಲ್ಲಿ ಸೇರಿಸುವುದಿಲ್ಲ. ಮಾವನ ಕಾಲು ನಿಲ್ಲುವ ಲಕ್ಷಣ ಕಾಣಲಿಲ್ಲ. ಆದರೆ ಬೆತ್ತದ ಕುರ್ಚಿ ಮಾತ್ರ ಬಸ್ಸಿನಲ್ಲಿ ನನ್ನ ಜೊತೆ ಭದ್ರಾವತಿಗೆ ವರ್ಗವಾಗಿ ಬಂತು. ಭಾನುವಾರಗಳಂದು ಕೂರಲು ಬೇಕಾಗುತ್ತದೆ, ನಿಮ್ಮಮ್ಮನ ಮನೆಯ ಕುರ್ಚಿ ಗಟ್ಟಿ ಎಂದರು. ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಹರಿದ.

ಇಷ್ಟು ಕೇಳಿದ ನೀವು ನಾಳೆ ಇನ್ನೊಬ್ಬರಿಗೆ, ಭದ್ರಾವತಿಯಲ್ಲಿ ರಾಯಭಾರಿಯೊಬ್ಬರು ಬೀಡಿ ಹಚ್ಚಿದರಂತೆ ಎಂದು ಹೇಳುತ್ತೀರಿ. ಹಾಗೇ ಹೇಳಿ, ಹೊಣೆ ನನ್ನ ಮೇಲಿರಲಿ. ನನಗೆ ಮಾತ್ರ ಆ ಹಿತ್ತಿಲ ಬಾಗಿಲು ಇಲ್ಲ. ಅವರು ಹಚ್ಚಿದರು. ನಾನು ತಂಬಿಗೆ ಹಿಡಿದು ಅಲ್ಲೇ ಇದ್ದೆ.