ಅಗಿದು ತಿಂದ ಮುದ್ದೆ

ಪಾಂಡವಪುರದ ಆಚೆ, ನಮ್ಮ ಬೀದಿಯ ಕೊನೆಯ ಆಲೆಮನೆಯಲ್ಲಿ ಗಾಣದ ಇಂಜಿನ್ನು ಬೆಳಗಿನಿಂದ ಒಂದೇ ಸಮ ಬಡಿದುಕೊಳ್ಳುತ್ತದೆ. ಅದರ ಪಕ್ಕದ ಮನೆ ಸಿದ್ದರಾಜುವಿನದು. ಇಪ್ಪತ್ತು ವರ್ಷ ಅಲ್ಲಿ ಪಾಕ ನೋಡುತ್ತಿದ್ದವನು ಅವನೇ. ಕುದಿಯುವ ಕಬ್ಬಿನ ಹಾಲನ್ನು ಯಾವ ಗಳಿಗೆಯಲ್ಲಿ ಇಳಿಸಬೇಕೆಂದು ಅವನು ಹೇಳಿದ ಮೇಲೆ ಮತ್ತೊಬ್ಬರು ಬಾಯಿ ತೆರೆಯುತ್ತಿರಲಿಲ್ಲ.

ಹೊಟ್ಟೆಯ ಹುಣ್ಣು ಅವನನ್ನು ಹತ್ತು ವರ್ಷ ಹಿಂಡಿತ್ತು. ತೊಂಬತ್ತೆರಡರಲ್ಲಿ ಮೈಸೂರಿನ ಡಾಕ್ಟರು ಹೊಟ್ಟೆ ಕೊಯ್ದು, ಹುಳಿರಸ ಊರಿಸುವ ನರವನ್ನು ಕತ್ತರಿಸಿದರು. ನೋವು ಹೋಯಿತು. ಇನ್ನು ಮೇಲೆ ಸ್ವಲ್ಪ ಸ್ವಲ್ಪವೇ, ಚೆನ್ನಾಗಿ ಅಗಿದು ತಿನ್ನಬೇಕು, ಇಲ್ಲದಿದ್ದರೆ ತಲೆ ಸುತ್ತಿ ಬೀಳುತ್ತೀಯ ಎಂದು ಹೇಳಿ ಕಳಿಸಿದರು.

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಮನೆಯಲ್ಲಿ ಹೆಂಡತಿ ಪುಟ್ಟತಾಯಮ್ಮ ಗೋಲಿಯಷ್ಟು ಉಂಡೆ ಕಟ್ಟಿ ಕೊಟ್ಟರೆ ಅವನು ಗೋಡೆಯ ಕಡೆ ತಿರುಗಿ ಅಗಿಯುತ್ತಿದ್ದ. ಆದರೆ ಆಲೆಮನೆಯಲ್ಲಿ ಮಧ್ಯಾಹ್ನ ಊಟಕ್ಕೆ ಎಲ್ಲರೂ ಎದುರುಬದುರು ಕೂರಬೇಕು.

"ಏನ್ಲಾ ಸಿದ್ರಾಜ, ಎಮ್ಮೆ ಮೆಲುಕು ಹಾಕ್ದಂಗೆ ಆಡ್ತಿದ್ದೀಯಲ್ಲ" ಎಂದ ಯಜಮಾನ ಸೋಮಯ್ಯ. "ಬಾಣಂತೀರು ವಾಸಿ ಕಣ್ಲಾ, ಅವ್ರೂ ನುಂಗ್ತಾರೆ."

ಎಲ್ಲರೂ ನಕ್ಕರು. ಅವನೂ ನಕ್ಕ. ದೊಡ್ಡ ತುತ್ತು ಮುರಿದು ನುಂಗಿದ. ಮುದ್ದೆ ಮುಗಿಯುವವರೆಗೂ ನುಂಗಿದ. ಅರ್ಧ ಗಂಟೆಯಲ್ಲಿ, ಕೊಪ್ಪರಿಗೆಯ ಮುಂದೆ ನಿಂತವನ ಮೈಯೆಲ್ಲ ಬೆವರಿ ಕಣ್ಣು ಕತ್ತಲಿಟ್ಟಿತು. ಬಿದ್ದ. ಇನ್ನೊಂದು ಗೇಣು ಮುಂದಾಗಿದ್ದರೆ ಕುದಿಯುವ ಪಾಕದೊಳಗೇ ಬೀಳುತ್ತಿದ್ದ.

ಸೋಮಯ್ಯ ಬೈಯಲಿಲ್ಲ. "ನೀ ಸತ್ರೆ ಪಾಪ ನಂಗೆ ಸುತ್ಕತದೆ. ಸಿಪ್ಪೆ ಒಣಗಾಕ್ಕೊಂಡಿರು" ಎಂದ. ಅಂದಿನಿಂದ ಸಿದ್ದರಾಜು ಹೆಂಗಸರ ಜೊತೆ ಬಿಸಿಲಲ್ಲಿ ಕಬ್ಬಿನ ಸಿಪ್ಪೆ ಹರಡಿದ. ಬೀಗರೂಟಗಳಿಗೆ ಹೋಗುವುದನ್ನೂ ಬಿಟ್ಟ.

"ಕೆಲ್ಸ ಹೋಗಿದ್ಕಲ್ಲ ಕಣವ್ವ ಅವ್ರು ಕೊರಗೋದು" ಎನ್ನುತ್ತಿದ್ದಳು ಪುಟ್ಟತಾಯಮ್ಮ ಬೀದಿಯ ಹೆಂಗಸರ ಹತ್ತಿರ, "ನಾಕ್ ಜನದ ಜೊತೆ ಕೂತು ಉಣ್ಣೋ ಆಸೆ ಅವ್ರಿಗೆ."

ತೊಂಬತ್ತೆಂಟರಲ್ಲಿ ಅವಳ ತಮ್ಮ, ನಾಗಮಂಗಲದ ನರಸಯ್ಯನಿಗೂ ಅದೇ ಹುಣ್ಣಾಯಿತು. ಸಿದ್ದರಾಜು ಅವನ ಜೊತೆ ಡಾಕ್ಟರ ಬಳಿ ಹೋದ. ಆ ಡಾಕ್ಟರು ಚಿಕ್ಕ ವಯಸ್ಸಿನವರು. ಹುಣ್ಣಿಗೆ ಕಾರಣ ಒಂದು ಕ್ರಿಮಿ, ಈಗ ಕೊಯ್ಯಬೇಕಿಲ್ಲ ಎಂದು ಎರಡು ವಾರದ ಮಾತ್ರೆ ಬರೆದರು.

ಸಿದ್ದರಾಜು ಕೇಳಿದ: "ಕತ್ತರ್ಸಿದ್ ನರ ಮತ್ತೆ ಸೇರ್ಸಕ್ಕಾಯ್ತದಾ ಸಾ?"

"ಇಲ್ಲಪ್ಪ. ಅದು ಆಗಲ್ಲ."

ಹೊರಗೆ ಬಂದ ಮೇಲೆ ನರಸಯ್ಯ ಅವನ ತೋಳು ಹಿಡಿದ. "ಇಲ್ಲೇ ಕೂತಿರು ಭಾವ, ಮಾತ್ರೆ ತಕಬತ್ತೀನಿ."

"ತಕಬಾ. ಈ ಡಾಕ್ಟ್ರು ಹೇಳಿದ್ನ ನಿಮ್ಮಕ್ಕಂಗೆ ಮಾತ್ರ ಹೇಳ್ಬೇಡ ಕಣ್ಲಾ, ಕೊರಗ್ತಾಳೆ. ಆಗ ಇನ್ನೊಂದ್ ಆರು ವರ್ಸ ಹೆಂಗೋ ಹಲ್ಲು ಕಚ್ಕಂಡು ತಡ್ಕಂಡಿದ್ರೆ, ನಂಗೂವೆ ಮಾತ್ರೇಲೇ…" ಎನ್ನುತ್ತಲೇ ತೋಳು ಬಿಡಿಸಿಕೊಂಡು, ಮೆಟ್ಟಿಲಿಳಿದು ಹೊರಟುಹೋದ.